ಮಾತಾಡಿಸಿ ಹೋಗುವ ಕಾಕಾ

ಗೋಕುಲ ರಸ್ತೆಯ ಗೇಮ್ ಅಂಗಡಿಯಲ್ಲಿ ನಾವು ಗೆಳೆಯರು ಹೊಸ ಕನ್ಸೋಲಿನ ವೇಗ ಹೆಚ್ಚೋ, ಹಳೆಯ ಆಟಗಳ ಕಥೆ ಹೆಚ್ಚೋ ಎಂದು ಪಕ್ಷ ಕಟ್ಟಿಕೊಂಡು ಜಗಳಾಡುತ್ತಿದ್ದೆವು. ಅಂಗಡಿಯ ಕಾಕಾ ಮಾತ್ರ ಅಂಗಿಯ ತುದಿಯಿಂದ ಕಂಟ್ರೋಲರ್ ಒರೆಸುತ್ತ ಒಂದೇ ಮಾತು ಹೇಳುತ್ತಿದ್ದರು: "ಮೊದ್ಲ ಆಟದಾಗಿನ ಊರ ಮಂದೀನ್ನ ಮಾತಾಡಸ್ರೆಪಾ."

ಅವರು ಆಡುತ್ತಿದ್ದುದೂ ಹಾಗೆಯೇ. ಒಮ್ಮೆ ಆಟದ ಕೊನೆಯ ರಾಕ್ಷಸನ ಕೋಟೆ ಬಾಗಿಲಿಗೆ ಬಂದಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರೆ, ಕಾಕಾ ವೀರನನ್ನು ಹಿಂದಿರುಗಿಸಿ, ಆಟ ಶುರುವಾದ ಹಳ್ಳಿಯವರೆಗೂ ನಡೆಸಿಕೊಂಡು ಹೋಗಿ, ಬಾವಿಕಟ್ಟೆಯ ಅಜ್ಜಿಯ ಮುಂದೆ ನಿಲ್ಲಿಸಿದರು. "ಜೋಪಾನ, ಮಗನೇ" ಎಂಬ ಅವಳ ಅದೇ ಹಳೆಯ ಸಾಲು ತೆರೆಯ ಮೇಲೆ ಮೂಡಿತು.

ನನಗೆ ತಲೆ ಕೆಟ್ಟಿತು. "ಆಕಿ ಯಾವಾಗ್ಲೂ ಅದನ್ನ ಹೇಳ್ತಾಳಲ್ರೀ ಕಾಕಾ!"

"ನಮ್ಮವ್ವನೂ ದಿನಾ ಅದನ್ನ ಹೇಳ್ತಾಳ, ತಮ್ಮಾ. ಹಂಗಂತ ಕೇಳದ ಹೊಂಟ್ಬಿಡ್ಲೇನು?"