ದೀಪ ಹಚ್ಚಿದ ಮೇಲಿನ ತುಳಸಿ

ಗೆಳೆಯರೇ, ಇವತ್ತು ಮುಸ್ಸಂಜೆ ವಿನೋಬನಗರದ ನಮ್ಮ ಪಕ್ಕದ ಮನೆಯ ನಾಗಮ್ಮಜ್ಜಿಗೆ ಮೇಲುಸಿರು ಶುರುವಾಯಿತು. ಬಾಯಿಗೆ ತುಳಸಿ ನೀರು ಬಿಡಬೇಕು. ಅಂಗಳದಲ್ಲೇ ಗಿಡವಿದ್ದರೂ ಸೊಸೆ ಕೈ ಹಿಂದಕ್ಕೆಳೆದಳು. "ದೀಪ ಹಚ್ಚಿದ ಮ್ಯಾಲೆ ಕೀಳಬ್ಯಾಡ ಅಂತ ಅತ್ತೇರೇ ಹೇಳ್ತಿದ್ರಲ್ರಿ!"

ಅಜ್ಜಿಯ ಮಗ ಬಸಣ್ಣನೂ ನಾನೂ ಔಷಧಿ ಅಂಗಡಿಗೆ ಓಡಿದೆವು. ಅಲ್ಲಿ ತುಳಸಿ ಅರ್ಕದ ಬಾಟಲಿಗಳದೇ ಒಂದು ಸಾಲು.

"ಈಗ ಇದಕ್ಕ ಭಾರಿ ಗಿರಾಕಿ ಐತ್ರಿ. ಕೆಮ್ಮಿಗೋ, ಮುಖಕ್ಕೋ, ನಿದ್ದಿಗೋ?" ಅಂದ ಅಂಗಡಿಯವ.

"ನಮ್ಮವ್ವನ ಬಾಯಿಗ್ರಿ. ಹೊಂಟಾಳೆ," ಅಂದ ಬಸಣ್ಣ.

ಅಂಗಡಿಯವ ಬಾಟಲಿ ಕೈಗಿಟ್ಟು, "ಓಡ್ರಿ ಮೊದ್ಲು," ಅಂದ.

ನಾವು ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು. ಸೊಸೆ ತುಳಸಿಕಟ್ಟೆಗೆ ಒರಗಿ ಅಳುತ್ತಿದ್ದಳು. ಅವಳ ಕಾಲ ಬಳಿ ತಾನಾಗಿ ಉದುರಿದ ಎಲೆಗಳು ಬೇಕಾದಷ್ಟು ಬಿದ್ದಿದ್ದವು. ಯಾರಿಗೂ ಹೊಳೆದಿರಲಿಲ್ಲ. ಉದುರಿದ ಎಲೆಗೆ ಅಜ್ಜಿಯ ಕಟ್ಟಳೆಯೂ ಇಲ್ಲ, ಗಿರಾಕಿಯೂ ಇಲ್ಲ.