ಉಮುತಿಮಾ

ಲಿವೋನಿಯಾ ಎಂಬ ಪರದೇಶದ ಊರಿನಲ್ಲಿರುವ ನಮ್ಮ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಮೈಸೂರಿನವರು, ಮಹಾ ಸಿಡುಕಿನ ಹೆಂಗಸು. ರಿಸೆಷನ್ ಎಂದು ಮ್ಯಾನೇಜರ್ ದುಭಾಷಿಗಳನ್ನು ತೆಗೆದುಹಾಕಿದ ಮೇಲೆ, "ಬಾಯಿ ಇರೋರನ್ನ ಮೂಗರು ಮಾಡ್ತಾನಲ್ಲ!" ಎಂದು ದಿನವೂ, ಅಲ್ಲಿ ಕನ್ನಡ ಬಲ್ಲ ಇನ್ನೊಬ್ಬಳಾದ ನನ್ನೆದುರು ಬೈಯುತ್ತಿದ್ದರು. ಭುಜನೋವಿಗೆ ಬರುತ್ತಿದ್ದ ಜಾಂಬಿಯಾದ ಅಜ್ಜಿಗೆ ಬೆಂಬಾ ಭಾಷೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಇವರು ತಮ್ಮ ತಲೆ, ಕಿವಿ, ಮೂಗು ಮುಟ್ಟಿ ತೋರಿಸಿ, ಅಜ್ಜಿಯಿಂದಲೇ ಉಮುತ್ವೆ, ಉಕುತ್ವಿ, ಉಮೋನಾ ಎಂದು ಕಲಿಯತೊಡಗಿದರು.

ಒಂದು ಬೆಳಿಗ್ಗೆ ಅಜ್ಜಿ ಬೆವರುತ್ತಾ "ಉಮುತಿಮಾ" ಎಂದರು. ನಾವು ಭುಜಕ್ಕಿಡಲು ಐಸ್ ತಂದೆವು. ಇವರು ಮಾತ್ರ, "ಹಾರ್ಟ್ ಅಂತಿದಾರೆ! ಆಂಬ್ಯುಲೆನ್ಸ್‌ಗೆ ಕಾಲ್ ಮಾಡೇ!" ಎಂದು ಕೂಗಿದರು. ಅಜ್ಜಿ ಬದುಕಿಕೊಂಡರು.

ಸಂಜೆ ಮ್ಯಾನೇಜರ್ ಕೈಕುಲುಕಲು ಬಂದ. "ನೋಡಿದಿರಾ, ದುಭಾಷಿ ಬೇಕಾಗಲೇ ಇಲ್ಲ."

"ಆ ಪದ ನಾನು ಕಲಿತಿದ್ದೇ ನಿನ್ನೆ ಕಣೋ!" ಎಂದು ಅವರು ಕನ್ನಡದಲ್ಲೇ ಗುಡುಗಿದರು.

ಏನೆಂದರು ಎಂದು ಅವನು ನನ್ನನ್ನು ಕೇಳಿದ. "ಅದಕ್ಕೊಬ್ಬ ದುಭಾಷಿ ಬೇಕು" ಎಂದೆ.