ರೆಪ್ಪೆಯ ಮೇಲಿನ ಹತ್ತಿ

ಕಾರ್ಮಿಕರ ಮಕ್ಕಳ ನೆನಪುಗಳನ್ನು ಸೇರಿಸಿ ತರುತ್ತಿದ್ದ ಇಂಗ್ಲಿಷ್ ಪುಸ್ತಕವೊಂದಕ್ಕೆ ನಾನು ತೀರಿಹೋದ ಅಪ್ಪನ ಬಗ್ಗೆ ಎರಡು ಪುಟ ಬರೆದಿದ್ದೆ. ಇಚಲಕರಂಜಿಯ ಮಗ್ಗದ ಶೆಡ್ಡಿನಿಂದ ಅಪ್ಪ ಬಂದು ಕೂತರೆ ಕಣ್ಣರೆಪ್ಪೆಯ ಮೇಲೆ ಹತ್ತಿಯ ನವಿರು ಧೂಳು ಇರುತ್ತಿತ್ತು. ನಾನು ಅದನ್ನು ಊದಿ ಹಾರಿಸುತ್ತಿದ್ದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಎರಡು ದಿನ ಒದ್ದಾಡಿದೆ. 'ಕೋಟ್' ಅಂದರೆ ಗೋಡೆಗೆ ಬಣ್ಣ ಬಳಿದಂತೆ. 'ಫಿಲ್ಮ್' ಎಣ್ಣೆಗೆ ಸರಿ. ಕೊನೆಗೆ 'ಲೈಟ್ ಡಸ್ಟಿಂಗ್' ಎಂದು ಬರೆದೆ. ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸುವುದಕ್ಕೂ ಅದೇ ಮಾತು, ಆದರೂ ಇರಲಿ ಎಂದುಕೊಂಡೆ.

ಕಳಿಸುವ ಮುಂಚೆ ಇಚಲಕರಂಜಿ ಪಕ್ಕದ ಕಬನೂರಿಗೆ ಹೋಗಿ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವಳು ಕೈ ನಿಲ್ಲಿಸಿದಳು.

"ನಿಮ್ಮಪ್ಪ ಶೆಡ್ಡಿನಾಗ ಮೈ ಝಾಡಿಸಿ, ಮಾರಿ ತೊಳಕೊಂಡು ಬರತಿದ್ದ. ಭಾಳ ಟಾಪಟೀಪ ಮನಷ್ಯಾ."

"ಮತ್ತ ನಾ ಊದಿದ್ದು?"

"ನನ್ನ ಕಣ್ಣು. ಮನ್ಯಾಗ ಕಾಂಡಿ ಸುತ್ತತಿದ್ದಾಕಿ ಯಾರು? ಇಷ್ಟ ಕಲ್ತು ಅವ್ವ ಯಾರು, ಅಪ್ಪ ಯಾರು ತಿಳೀಲಿಲ್ಲೇನು?"

ಮನೆಯ ಮೂಲೆಯಲ್ಲಿದ್ದ, ಮಗ್ಗದ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತುವ ಯಂತ್ರ ನೆನಪಾಯಿತು. ಆದರೂ ಸುಲಭಕ್ಕೆ ನಂಬುವ ಸ್ವಭಾವ ನನ್ನದಲ್ಲ. ಅವಳ ನೆನಪೂ ತಪ್ಪಿರಬಹುದಲ್ಲ. ಕಣ್ಣು ಮುಚ್ಚಿ ಆ ಮುಖವನ್ನು ಮತ್ತೆ ಹತ್ತಿರಕ್ಕೆ ತಂದುಕೊಂಡೆ. ಬಿಳಿ ರೆಪ್ಪೆ, ಬಿಗಿಹಿಡಿದ ನಗು. ಮೀಸೆ ಇರಲಿಲ್ಲ. ಅಪ್ಪನನ್ನು ನಾನು ಮೀಸೆಯಿಲ್ಲದೆ ಒಂದು ದಿನವೂ ನೋಡಿಲ್ಲ.

"ನೀ ಊದೂತನಕ ನಾ ಸುಮ್ನ ಕೂಡತಿದ್ನಿ. ದಿನದಾಗ ಅಷ್ಟ ನೋಡಪಾ ನನ್ನ ಕೂಡೂದು," ಅಂದಳು.

ಫೋನ್ ತೆಗೆದು, ಆ ಸಾಲುಗಳಲ್ಲಿ ಅಪ್ಪ ಎಂದಿದ್ದಲ್ಲೆಲ್ಲ ಅವ್ವ ಎಂದು ತಿದ್ದತೊಡಗಿದೆ. ಅವಳು ನನ್ನ ಪಕ್ಕಕ್ಕೆ ಸರಿದು, ತನಗೆ ಬಾರದ ಅಕ್ಷರಗಳನ್ನು ಇಣುಕಿ ನೋಡಿದಳು.

"ಈಗೇನ ಬರದಿ? ಹೇಳ."

"ಅವ್ವನ ರೆಪ್ಪಿ ಮ್ಯಾಲ ಹತ್ತಿ ಧೂಳ ತೆಳ್ಳಗ ಕೂತಿರತಿತ್ತು ಅಂತ."

"ತೆಳ್ಳಗ? ಹೊರಗಿಂದ ನೋಡಾವ್ಗ ತೆಳ್ಳಗ. ಮೂಗಿನಾಗ, ಗಂಟಲದಾಗ ಹೋಗಿದ್ದು ನಿನಗೆಲ್ಲಿ ಕಾಣಬೇಕು? ರಾತ್ರಿಯೆಲ್ಲಾ ಕೆಮ್ಮತಿದ್ನಿ."

'ಲೈಟ್' ಅಳಿಸಿದೆ. ಹಿಂದೆಯೇ 'ಡಸ್ಟಿಂಗ್' ಕೂಡ ಹೋಯಿತು. ಅಲ್ಲಿ ಏನು ಬರೆಯಲಿ ಎಂದು ಅವಳನ್ನೇ ಕೇಳಿದೆ.

"ಕಾಂಡಿ ಸುತ್ತತಿದ್ಲು ಅಂತ ಬರಿ, ಸಾಕು," ಅಂದಳು.

ಹಾಗೇ ಬರೆದೆ.